ಫ್ಲ್ಯಾಟ್ ಬಾಲ್ಕನಿಯಲ್ಲಿ ಮರದ ಇನ್‌ಲೇ: ಮೊದಲು ಯಾವ ಕೈ ಹತಾರ ಕೊಳ್ಳಲಿ?

ಬಾಲ್ಕನಿ ಬಡಗಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ಸಂಜೆ ಹೊತ್ತು ಕೈಗೆ ಬೇರೆ ಏನಾದರೂ ಕೊಡೋಣ ಅಂತ ಮೈಸೂರು ಇನ್‌ಲೇ ಕಡೆ ಮನಸ್ಸು ಹೋಗಿದೆ. ಬೀಟೆ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುತ್ತಾರಲ್ಲ, ಅದೇ. ಆನೆ, ಅಂಬಾರಿ, ದಸರಾ ಮೆರವಣಿಗೆ ಎಲ್ಲ ನನ್ನಿಂದ ಆಗದ ಮಾತು. ಅಂಗೈ ಅಗಲದ ಪೆಟ್ಟಿಗೆ, ಅದರ ಮುಚ್ಚಳದಲ್ಲಿ ಒಂದು ಎಲೆಯೋ ಹಕ್ಕಿಯೋ ಬಂದರೆ ಸಾಕು.

ಜಾಗ ಅಂದರೆ ಬಾಲ್ಕನಿ, ಅಷ್ಟೇ. ಪಕ್ಕದ ಮನೆಯಲ್ಲಿ ಕೂಸಿದೆ. ಹಾಗಾಗಿ ಮೋಟಾರ್ ಇರುವ ಯಾವುದೂ ಬೇಡ. ಬಜೆಟ್ 5,000 ರೂಪಾಯಿ. ಆನ್‌ಲೈನ್‌ನಲ್ಲಿ ನೂರಾರು ತುಂಡುಗಳ 'ಪ್ರಿಸಿಷನ್ ಕಿಟ್' ಅಂತ ಒಂದು ಪೆಟ್ಟಿಗೆ ಸಿಗುತ್ತಿದೆ. ಅದನ್ನೇ ತೆಗೆದುಕೊಂಡು ಬಿಡಲಾ? ದವಡೆಗಳ ಮಧ್ಯೆ ಹಿಡಿದು ದಪ್ಪ ಅಳೆಯುವ ಡಿಜಿಟಲ್ ಕ್ಯಾಲಿಪರ್ ಬೇಕೇ ಬೇಕಾ?

ಹಳೇ ಟೂಲ್‌ರೂಮ್ (ಪೀಣ್ಯ)

ಕಿಟ್ ಬೇಡ. ಅದರಲ್ಲಿ ಮುಕ್ಕಾಲು ಪಾಲು ಸ್ಕ್ರೂಡ್ರೈವರ್ ತುದಿಗಳೇ ಇರುತ್ತವೆ, ಮೊಬೈಲ್ ಬಿಚ್ಚುವವರಿಗೆ. ನಿಮಗೆ ಬೇಕಾದ್ದು ಇಷ್ಟೇ: ಒಂದು ಚಿಕ್ಕ ಮೂಲೆಮಟ್ಟ (90 ಡಿಗ್ರಿ ಮೂಲೆ ನೋಡುವುದು), 150 ಮಿ.ಮೀ. ಉಕ್ಕಿನ ಸ್ಕೇಲ್, ಗೆರೆ ಎಳೆಯುವ ಚಾಕು, ಅಕ್ಕಸಾಲಿಗರ ಗರಗಸ, 6 ಮತ್ತು 12 ಮಿ.ಮೀ. ಉಳಿ, ಸಣ್ಣ ಅರಗಳ ಒಂದು ಸೆಟ್, ಮಸೆಯೋಕೆ ಏನಾದರೊಂದು. ಹಲಗೆ ಹೆರೆದು ನಯ ಮಾಡುವ ತೋಪಡ ಆಮೇಲೆ ನೋಡಿಕೊಳ್ಳಬಹುದು.

ಮೂಲೆಮಟ್ಟವನ್ನು ಮಾತ್ರ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಅಂಚು ನೇರವಾಗಿರುವ ಒಂದು ಹಲಗೆ ತುಂಡು ಜೊತೆಗೆ ಒಯ್ಯಿರಿ. ಅಂಚಿಗೆ ಮಟ್ಟ ಒತ್ತಿ ಒಂದು ಗೆರೆ ಎಳೆಯಿರಿ. ಮಟ್ಟ ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಿದ್ದರೆ ಮಟ್ಟ ಸರಿ ಇದೆ. ಗೆರೆಗಳು ಕವಲೊಡೆದರೆ, ಕಾಣುವ ಅಂತರದ ಅರ್ಧ ಆ ಮಟ್ಟದ ದೋಷ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಬ್ರ್ಯಾಂಡ್ ನೋಡಿ ನಂಬಬೇಡಿ, ಗೆರೆ ನೋಡಿ ನಂಬಿ.

ಚಾಕುವಿಗೆ ದುಡ್ಡು ಹಾಕಲೇಬೇಡಿ. ವರ್ಕ್‌ಶಾಪ್‌ಗಳಲ್ಲಿ ಮುರಿದ ಪವರ್ ಹ್ಯಾಕ್ಸಾ ಬ್ಲೇಡ್ ಗುಜರಿಗೆ ಹೋಗುತ್ತದೆ. ಪೂರ್ತಿ ಹೈಸ್ಪೀಡ್ ಸ್ಟೀಲ್ ಇರುವ ತುಂಡು ಕೇಳಿ ತನ್ನಿ. ಬೈಮೆಟಲ್ ಬ್ಲೇಡ್ ಬೇಡ, ಅದರಲ್ಲಿ ಹಲ್ಲಿನ ಅಂಚು ಮಾತ್ರ ಗಟ್ಟಿ ಉಕ್ಕು. ತುದಿಯನ್ನು ಓರೆಯಾಗಿ, ಒಂದೇ ಮಗ್ಗುಲಲ್ಲಿ ಮಸೆಯಿಸಿ. ಇನ್ನೊಂದು ಮಗ್ಗುಲು ಚಪ್ಪಟೆಯಾಗಿಯೇ ಇರಬೇಕು, ಅದು ಸ್ಕೇಲಿಗೆ ಅಂಟಿಕೊಂಡು ಹೋಗುವ ಮುಖ. ಹೈಸ್ಪೀಡ್ ಸ್ಟೀಲ್‌ನ ಅನುಕೂಲ ಏನೆಂದರೆ ಗ್ರೈಂಡರ್ ಮೇಲೆ ಸ್ವಲ್ಪ ಕಾದು ಬಣ್ಣ ತಿರುಗಿದರೂ ಗಡಸುತನ ಹೋಗುವುದಿಲ್ಲ. ಸಾಮಾನ್ಯ ಕಾರ್ಬನ್ ಉಕ್ಕಿನ ಉಳಿ ಹಾಗಲ್ಲ. ಅದರ ಅಂಚು 300 ಡಿಗ್ರಿ ಹತ್ತಿರ ಹೋಗಿ ನೀಲಿಯಾಯಿತು ಅಂದರೆ ಅಷ್ಟು ಭಾಗ ಮೆತ್ತಗಾಯಿತು ಅಂತ ಲೆಕ್ಕ. ಆ ನೀಲಿಯನ್ನು ಪೂರ್ತಿ ಸವೆಸಿ ತೆಗೆಯಬೇಕು.

ಸಾಗರದ ಉಳಿ

ಮೇಲಿನವರ ಪಟ್ಟಿಯಲ್ಲಿ 'ಮಸೆಯೋಕೆ ಏನಾದರೊಂದು' ಕೊನೆಗೆ ಬಂದಿದೆ. ನಾನಾಗಿದ್ದರೆ ಅದನ್ನು ಮೊದಲು ಬರೆಯುತ್ತಿದ್ದೆ. ನಮ್ಮ ಸಾಗರ, ಸೊರಬದ ಗುಡಿಗಾರರ ಮನೆಗಳಲ್ಲಿ ಕೆಲಸ ನೋಡಿ ಬೆಳೆದವನು ನಾನು. ಗಂಧದ ಕೆತ್ತನೆ ಅಂದರೆ ಉಳಿ ಹಿಡಿದು ಕೂರುವುದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಮಸೆಯುವ ಕೆಲಸ ಅದಕ್ಕಿಂತ ಕಡಿಮೆ ಏನಿಲ್ಲ.

ಅಂಗಡಿಯಿಂದ ಬಂದ ಉಳಿ ಹರಿತ ಇರುವುದಿಲ್ಲ. ಆಕಾರ ಮಾತ್ರ ಇರುತ್ತದೆ. ಮೊದಲು ಬೆನ್ನು ಚಪ್ಪಟೆ ಮಾಡಿ. ಪೂರ್ತಿ ಬೆನ್ನು ಬೇಡ, ಅಂಚಿನ ಕಡೆಯ 20–25 ಮಿ.ಮೀ. ಸಾಕು. ದುಬಾರಿ ಕಲ್ಲೂ ಬೇಡ. ಗಾಜಿನ ಅಂಗಡಿಯಲ್ಲಿ 10 ಮಿ.ಮೀ. ದಪ್ಪದ ಫ್ಲೋಟ್ ಗ್ಲಾಸ್ ಚೂರು ಸಿಗುತ್ತದೆ. ಅದರ ಮೇಲೆ ನೀರು ಹಚ್ಚಿ 400, 1000, 2000 ನಂಬರಿನ ವಾಟರ್ ಪೇಪರ್ ಒಂದಾದ ಮೇಲೊಂದು ಹಾಸಿ ಉಜ್ಜಿ. ಓರೆಯನ್ನು 25 ಡಿಗ್ರಿಗೆ ಇಟ್ಟು, ತುದಿಯ ಕೂದಲೆಳೆಯಷ್ಟು ಅಂಚನ್ನು ಮಾತ್ರ 30 ಡಿಗ್ರಿಗೆ ಎತ್ತಿ ನಾಲ್ಕು ಸಲ ಎಳೆಯಿರಿ. ಬೆನ್ನಿನ ಕಡೆ ಬೆರಳಿಗೆ ಸಣ್ಣ ಬರ್ (ಅಂಚಿನಿಂದ ಮಡಚಿ ಬಂದ ಲೋಹದ ಎಳೆ) ತಾಗಬೇಕು. ತಾಗದಿದ್ದರೆ ಇನ್ನೂ ಅಂಚು ತಲುಪಿಲ್ಲ ಅಂತ ಅರ್ಥ, ಮುಂದಿನ ಕಾಗದಕ್ಕೆ ಹೋಗಬೇಡಿ. ಕೊನೆಗೆ ಹಳೆ ಚರ್ಮದ ಬೆಲ್ಟ್ ಅನ್ನು ಹಲಗೆಗೆ ಅಂಟಿಸಿ, ಹಸಿರು ಪಾಲಿಷ್ ಬತ್ತಿ ಸವರಿ, ಉಳಿಯನ್ನು ಹಿಂದಕ್ಕೆ ಮಾತ್ರ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಚರ್ಮ ಕತ್ತರಿಸಿ ಹೋಗುತ್ತದೆ.

ಕೈ ಕೂದಲು ಬೋಳಿಸಿ ನೋಡುವ ಶೋಕಿ ಬೇಡ. ಸಿಲ್ವರ್ ಓಕ್ ತುಂಡಿನ ಅಡ್ಡ ಕಡಿತದ ಮುಖದಲ್ಲಿ ತೆಳ್ಳಗೆ ಸೀಳಿ ನೋಡಿ. ಮುಖ ಹೊಳೆದರೆ ಸರಿ. ಪುಡಿಪುಡಿಯಾಗಿ ಬೆಳ್ಳಗೆ ಕಂಡರೆ ವಾಪಸ್ ಗಾಜಿನ ಹತ್ತಿರ. ಇನ್ನೊಂದು ಮಾತು, ಕಲಿಯೋಕೆ ಸಾಗುವಾನಿ ಬೇಡ. ಅದರಲ್ಲಿ ಸಿಲಿಕಾ ಇರುತ್ತದೆ, ಅಂಚು ಬೇಗ ತಿನ್ನುತ್ತದೆ.

ಬೆಳ್ಳಿತಂತಿ (ಮಂಡ್ಯ)

ಗರಗಸದ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ನಾನು ಹವ್ಯಾಸಕ್ಕೆ ಬೆಳ್ಳಿ ಓಲೆ, ಪದಕ ಮಾಡುತ್ತೇನೆ, ಅದರ ಅನುಭವ ಹೇಳುತ್ತೇನೆ.

ಬ್ಲೇಡ್ ನಂಬರ್ ಮೊದಮೊದಲು ತಲೆ ತಿನ್ನುತ್ತದೆ. 8/0 ಅತಿ ಸಣ್ಣದು. ಅಲ್ಲಿಂದ 4/0, 2/0 ಅಂತ ದಪ್ಪವಾಗುತ್ತಾ ಬಂದು 0, ಆಮೇಲೆ 1, 2, 3 ಅಂತ ಇನ್ನೂ ದಪ್ಪ. 2/0 ಬ್ಲೇಡಿನ ದಪ್ಪ ಸುಮಾರು ಕಾಲು ಮಿ.ಮೀ. ಲೋಹಕ್ಕಾದರೆ ತಗಡಿನ ದಪ್ಪದೊಳಗೆ ಮೂರು ಹಲ್ಲಾದರೂ ಕೂರಬೇಕು ಅನ್ನುವ ಲೆಕ್ಕ ಹಿಡಿಯುತ್ತೇವೆ. 2 ಮಿ.ಮೀ. ಮರಕ್ಕೆ 2/0 ನಡೆಯುತ್ತದೆ. ಅದಕ್ಕಿಂತ ದಪ್ಪ ಮರವಾದರೆ ಪುಡಿ ಹಲ್ಲಿನ ಮಧ್ಯೆ ಕಟ್ಟಿಕೊಂಡು ಬ್ಲೇಡ್ ಬಿಸಿಯಾಗುತ್ತದೆ. ಆಗ 1 ಅಥವಾ 2, ಇಲ್ಲವೇ ಮರಕ್ಕೇ ಅಂತ ಮಾಡಿದ ಫ್ರೆಟ್ ಬ್ಲೇಡ್.

ಹಲ್ಲು ಹೊರಮುಖ, ತುದಿ ಹಿಡಿಯ ಕಡೆ ಇರಬೇಕು. ಅಂದರೆ ಕೆಳಗೆ ಎಳೆದಾಗ ಕೊಯ್ಯುತ್ತದೆ. ಬ್ಲೇಡಿನ ಒಂದು ತುದಿ ಬಿಗಿ ಮಾಡಿ, ಫ್ರೇಮನ್ನು ಎದೆಗೂ ಮೇಜಿನ ಅಂಚಿಗೂ ಮಧ್ಯೆ ಇಟ್ಟು ಸ್ವಲ್ಪ ಒತ್ತಿ, ಬಾಗಿದಾಗ ಇನ್ನೊಂದು ತುದಿ ಬಿಗಿ ಮಾಡಿ. ಬಿಟ್ಟ ಮೇಲೆ ಉಗುರಿನಿಂದ ಮೀಟಿದರೆ ವೀಣೆಯ ತಂತಿಯ ಹಾಗೆ ಟಿಂಗ್ ಅನ್ನಬೇಕು. ಡಬ್ ಅಂದರೆ ಸಡಿಲ ಇದೆ.

ಮೇಜಿನ ಅಂಚಿನಿಂದ ಹೊರಚಾಚುವ ಹಾಗೆ ಒಂದು ಹಲಗೆ ತುಂಡು ಕ್ಲಾಂಪ್ ಮಾಡಿ, ಅದಕ್ಕೆ ವಿ ಆಕಾರದ ಕಚ್ಚು ಕೊಡಿ. ನಿಮ್ಮ ಇಡೀ ಕಾರ್ಖಾನೆ ಅದೇ. ಫ್ರೇಮು, ಬ್ಲೇಡು ಎರಡೂ ನಗರ್ತಪೇಟೆಯ ಕಡೆ ಅಕ್ಕಸಾಲಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಫ್ರೇಮಿಗೆ ಜಾಸ್ತಿ ಕೊಡಬೇಡಿ, ಬ್ಲೇಡಿಗೆ ಜಿಪುಣತನ ಮಾಡಬೇಡಿ.

ಮೈಸೂರಿನಾಕೆ

ನಮ್ಮೂರ ಕೆಲಸದ ಹೆಸರು ಬಂತು ಅಂತ ಬಂದೆ 🙂

ಇಲ್ಲಿ ಮಾಡುವ ರೀತಿ ಇದು. ಚಿತ್ರವನ್ನು ಕಾಗದದಿಂದ ತೆಳು ಮರಕ್ಕೆ ಇಳಿಸಿ, ಪ್ರತಿ ಚೂರನ್ನೂ ಬಿಲ್ಲು ಗರಗಸದಿಂದ ಬೇರೆ ಬೇರೆ ಕೊಯ್ದುಕೊಳ್ಳುತ್ತಾರೆ. ಆ ಚೂರನ್ನು ಬೀಟೆ ಹಲಗೆಯ ಮೇಲಿಟ್ಟು ಸುತ್ತ ಚೂಪು ಮೊನೆಯಿಂದ ಗೀರುತ್ತಾರೆ. ಗೀರಿದ ಒಳಭಾಗವನ್ನು ಉಳಿಯಿಂದ ತೋಡಿ, ಅಂಟು ಹಾಕಿ, ಚೂರು ಕೂರಿಸುತ್ತಾರೆ. ಸೀರೆಯ ಮಡಿಕೆ, ಕಣ್ಣು, ಎಲೆಯ ನರ ಎಲ್ಲ ಆಮೇಲೆ. ಮರದ ಸ್ವಂತ ಬಣ್ಣವೇ ಬಣ್ಣ. ಹಳದಿಗೆ ಹಲಸು ಚೆನ್ನಾಗಿರುತ್ತದೆ. ಹಿಂದೆ ಬಿಳಿಗೆ ಆನೆದಂತ ಬಳಸುತ್ತಿದ್ದರು. ದಂತದ ವ್ಯಾಪಾರ ಕಾನೂನಿನಲ್ಲಿ ನಿಂತ ಮೇಲೆ ಪ್ಲಾಸ್ಟಿಕ್, ಬಿಳಿ ಮರ ಬಂದವು.

ಈ ರೀತಿಯ ಜಾಣತನ ಗಮನಿಸಿ. ಎಲ್ಲೂ ಅಳತೆ ಇಲ್ಲ. ಚೂರೇ ಅಳತೆ. ಚೂರು ಸ್ವಲ್ಪ ಸೊಟ್ಟ ಬಂದರೂ ಗುಣಿಯೂ ಅಷ್ಟೇ ಸೊಟ್ಟ ಬರುತ್ತದೆ, ಎರಡೂ ಹೊಂದುತ್ತವೆ. ಹಾಗಾಗಿ ಕ್ಯಾಲಿಪರ್ ಇಲ್ಲದೆ ಇನ್‌ಲೇ ಮಾಡಬಹುದು. ಮೊಂಡು ಉಳಿ ಇಟ್ಟುಕೊಂಡು ಮಾತ್ರ ಆಗುವುದಿಲ್ಲ.

ಬೀಟೆ ಬಗ್ಗೆ ಎಚ್ಚರ. ಊರಿನ ತೋಟದಲ್ಲಿ ಮರ ಇದೆ ಅಂತ ಕಡಿಸಬೇಡಿ, ಅರಣ್ಯ ಇಲಾಖೆಯ ಅನುಮತಿ ಬೇಕು. ಬಿಲ್ ಕೊಡುವ ಕಡೆಯಿಂದ ಚೂರು ಪಾರು ಕೊಳ್ಳಿ. ಮತ್ತೆ ಅದರ ಧೂಳು ಕೆಲವರಿಗೆ ಚರ್ಮಕ್ಕೆ, ಮೂಗಿಗೆ ಆಗುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ.

ಕೋನಮಾಪಕ (ಸ್ಟುಟ್‌ಗಾರ್ಟ್)

ಇನ್ನೊಂದು ದಾರಿ ಇದೆ, ಲೆಕ್ಕ ಇಷ್ಟಪಡುವವರಿಗೆ. ಎರಡು ಮರದ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಎರಡನ್ನೂ ಒಟ್ಟಿಗೇ ಕೊಯ್ಯುವುದು. ನೇರವಾಗಿ ಕೊಯ್ದರೆ ಗರಗಸ ತಿಂದಷ್ಟು ಸಂದು ಸುತ್ತ ಉಳಿಯುತ್ತದೆ. ಸ್ವಲ್ಪ ವಾಲಿಸಿ ಕೊಯ್ದರೆ ಮೇಲಿನ ಚೂರು ಕೆಳಗಿನ ಹಲಗೆಯ ರಂಧ್ರಕ್ಕಿಂತ ಒಂದು ಎಳೆ ದೊಡ್ಡದಾಗಿ, ಬಿರಡೆ ಥರ ಇಳಿದು ಬಿಗಿಯಾಗುತ್ತದೆ. ಸಂದೇ ಕಾಣುವುದಿಲ್ಲ.

ಎಷ್ಟು ವಾಲಿಸಬೇಕು? ಗರಗಸದ ಸೀಳಿನ ಅಗಲವನ್ನು ಒಂದು ಹಲಗೆಯ ದಪ್ಪದಿಂದ ಭಾಗಿಸಿ. ಅದು ಆ ಕೋನದ ಸೈನ್. ಸೀಳು 0.3 ಮಿ.ಮೀ., ಹಲಗೆ 2 ಮಿ.ಮೀ. ಅಂದರೆ 0.15. ಸುಮಾರು 8.5 ಡಿಗ್ರಿ. ಹಲಗೆ 3 ಮಿ.ಮೀ. ಆದರೆ 6 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಕೋನಮಾಪಕ ಕೂಡ ಬೇಡ (ನನ್ನ ಹೆಸರಿಗೆ ಅವಮಾನ). 100 ಮಿ.ಮೀ. ಉದ್ದದ ಹಲಗೆಯ ಒಂದು ತುದಿಯನ್ನು 15 ಮಿ.ಮೀ. ಎತ್ತರಿಸಿದರೆ ಸೈನ್ 0.15 ತಾನಾಗಿಯೇ ಬರುತ್ತದೆ. ವಾಲಿಸಿದ ಹಲಗೆಯ ಮೇಲೆ ಕೆಲಸ ಇಟ್ಟು, ಗರಗಸ ನೆಟ್ಟಗೆ ಹಿಡಿಯಿರಿ.

ಎರಡು ವಿಷಯ ಮರೆಯಬಾರದು. ಚಿತ್ರವನ್ನು ಸುತ್ತುವಾಗ ಉದ್ದಕ್ಕೂ ಒಂದೇ ದಿಕ್ಕು. ತಿರುಗಿ ವಾಪಸ್ ಬಂದರೆ ಓರೆ ಉಲ್ಟಾ ಆಗುತ್ತದೆ. ಬ್ಲೇಡ್ ತೂರಿಸುವ ರಂಧ್ರವನ್ನೂ ಅದೇ ಓರೆಯಲ್ಲಿ ಕೊರೆಯಿರಿ. ಪಿನ್ ವೈಸ್‌ನಲ್ಲಿ (ಸಣ್ಣ ಬಿಟ್ ಹಿಡಿದು ಬೆರಳಲ್ಲಿ ತಿರುಗಿಸುವ ಹಿಡಿ) 0.6 ಅಥವಾ 0.7 ಮಿ.ಮೀ. ಬಿಟ್ ಸಾಕು. ಎಲೆಯ ಚೂಪು ಮೂಲೆಯಲ್ಲಿ ಕೊರೆದರೆ ಕಣ್ಣಿಗೆ ಬೀಳುವುದಿಲ್ಲ.

ಅಂದಹಾಗೆ ಇಲ್ಲಿ ಜರ್ಮನಿಯಲ್ಲಿ ಮಕ್ಕಳ ಕೈಗೂ ಫ್ರೆಟ್ ಗರಗಸ ಕೊಡುತ್ತಾರೆ. ಹೆದರುವಂಥದ್ದಲ್ಲ.

ಮೈಸೂರಿನಾಕೆ

@ಕೋನಮಾಪಕ ಒಪ್ಪುತ್ತೇನೆ, ಚೆನ್ನಾಗಿದೆ. ಆದರೆ ಅದು ತೆಳು ಹಲಗೆಗೆ ಮಾತ್ರ. ಪೆಟ್ಟಿಗೆಯ ಮುಚ್ಚಳ 8–10 ಮಿ.ಮೀ. ದಪ್ಪ ಇದ್ದರೆ ಮತ್ತೆ ಆ ತೆಳು ಹಲಗೆಯನ್ನು ಅದರ ಮೇಲೆ ಅಂಟಿಸಬೇಕು. ಹಕ್ಕಿಯ ಕಣ್ಣಿಗೆ ಒಂದು ಸಣ್ಣ ಚೂರು ಹಾಕಬೇಕಾದಾಗ ನಿಮ್ಮ ಸೈನ್ ಕೈ ಕೊಡುತ್ತದೆ. ತೋಡುವುದೇ ಸಲೀಸು.

ಕೋನಮಾಪಕ

ಕಣ್ಣಿಗೆ ಸೋತೆ. ಎಲೆಗೆ ಮಾತ್ರ ನಾನು ಬಿಡುವುದಿಲ್ಲ.

ಅಂಕಿ ಅಂಶ

ಎಲ್ಲರೂ ಕ್ಯಾಲಿಪರ್ ಬೇಡ ಅನ್ನುತ್ತಿದ್ದೀರಿ. ನಾನು ರೈಲು, ಹಡಗಿನ ಸ್ಕೇಲ್ ಮಾಡೆಲ್ ಮಾಡುವವನು. ಡಿಜಿಟಲ್ ಕ್ಯಾಲಿಪರ್ ಇಲ್ಲದೆ ನನಗೆ ಒಂದು ದಿನವೂ ನಡೆಯುವುದಿಲ್ಲ. ಹಲಗೆ 2.0 ಇದೆಯೋ 2.3 ಇದೆಯೋ ಅಂತ ಬೆರಳಲ್ಲಿ ಹೇಳೋಕೆ ಆಗುತ್ತದಾ? 0.01 ವರೆಗೆ ತೋರಿಸುವ ಸಾಧನ ಕಡಿಮೆ ಬೆಲೆಗೆ ಸಿಗುವಾಗ ಸುಮ್ನೆ ಯಾಕೆ ಹಳೇ ಕಾಲದ ಹಠ?

ಹಳೇ ಟೂಲ್‌ರೂಮ್

ಹಠ ಅಲ್ಲ ಸ್ವಾಮಿ. 0.01 ತೋರಿಸುವುದು ಬೇರೆ, 0.01 ಸರಿಯಾಗಿ ಅಳೆಯುವುದು ಬೇರೆ. ಒಳ್ಳೆಯ ಕಂಪನಿಯ 150 ಮಿ.ಮೀ. ಡಿಜಿಟಲ್ ಕ್ಯಾಲಿಪರ್‌ನ ದೋಷದ ಮಿತಿಯೇ ಸಾಮಾನ್ಯವಾಗಿ ±0.02 ಮಿ.ಮೀ. ಅಗ್ಗದ್ದು ಅದಕ್ಕಿಂತ ಜಾಸ್ತಿ. ಕೊನೆಯ ಅಂಕಿ ಕುಣಿಯುತ್ತಿರುತ್ತದೆ, ನಾವು ಅದನ್ನೇ ನಂಬಿ ಕೂರುತ್ತೇವೆ.

ಇನ್ನೊಂದು ಕಾರಣ ಇದೆ. ಅಳೆಯುವ ವಸ್ತುವೂ ಅಳತೆಯ ಗೆರೆಯೂ ಒಂದೇ ನೇರದಲ್ಲಿ ಇರಬೇಕು ಅಂತ ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬೆ 1890ರಲ್ಲೇ ಹೇಳಿದ್ದಾನೆ. ಕ್ಯಾಲಿಪರ್‌ನಲ್ಲಿ ಹಾಗಿಲ್ಲ. ಗೆರೆ ಕಂಬಿಯ ಮೇಲೆ ಇದೆ, ವಸ್ತು ದವಡೆಯ ತುದಿಯಲ್ಲಿ ಇದೆ. ಜೋರಾಗಿ ಅದುಮಿದರೆ ದವಡೆ ಒಂದು ಎಳೆ ವಾಲುತ್ತದೆ, ಅಳತೆ ತಪ್ಪುತ್ತದೆ. ಹಾಗಾಗಿ ವಸ್ತುವನ್ನು ಆದಷ್ಟು ದವಡೆಯ ಬುಡದ ಹತ್ತಿರ ಹಿಡಿಯಿರಿ, ಮೆತ್ತಗೆ ಒತ್ತಿ. ಮೈಕ್ರೋಮೀಟರ್‌ನಲ್ಲಿ ಈ ತೊಂದರೆ ಇಲ್ಲ. ಅದರ ತಿರುಪು ಒಂದು ಸುತ್ತಿಗೆ ಅರ್ಧ ಮಿ.ಮೀ. ಮುಂದೆ ಹೋಗುತ್ತದೆ. ಸುತ್ತಿನಲ್ಲಿ 50 ಗೆರೆ, ಒಂದು ಗೆರೆಗೆ 0.01. ವಸ್ತು ತಿರುಪಿನ ನೇರದಲ್ಲೇ ಇರುತ್ತದೆ.

ಕೊಳ್ಳಲೇಬೇಕು ಅಂದರೆ ಬ್ಯಾಟರಿ ಇಲ್ಲದ, ಗೆರೆ ನೋಡಿ ಓದುವ ವರ್ನಿಯರ್ ಕ್ಯಾಲಿಪರ್ ಕೊಳ್ಳಿ. 49 ಮಿ.ಮೀ. ಉದ್ದವನ್ನು 50 ಭಾಗ ಮಾಡಿದ್ದು, 0.02 ಓದಬಹುದು. ಕೊಳ್ಳುವಾಗ ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ತೂರಿದರೆ ವಾಪಸ್ ಕೊಡಿ.

ಅಂಕಿ ಅಂಶ

ದಪ್ಪ ಹೋಲಿಸೋಕೆ ಡಿಜಿಟಲ್ ಸಾಕು ಅಂತ ನನ್ನ ವಾದ. ಎರಡು ಹಲಗೆ ಒಂದೇ ದಪ್ಪ ಇವೆಯಾ ಅಂತ ನೋಡೋಕೆ ಸೊನ್ನೆ ಗುಂಡಿ ಒತ್ತಿದರೆ ವ್ಯತ್ಯಾಸವೇ ನೇರ ಕಾಣುತ್ತದೆ. ವರ್ನಿಯರ್‌ನಲ್ಲಿ ಅದಕ್ಕೆ ಕನ್ನಡಕ, ಮನಸ್ಸಿನಲ್ಲಿ ಕಳೆಯುವ ಲೆಕ್ಕ ಎರಡೂ ಬೇಕು.

ಹಳೇ ಟೂಲ್‌ರೂಮ್

ಅದು ಸರಿ. ಹೋಲಿಕೆಗೆ ಡಿಜಿಟಲ್ ಒಳ್ಳೆಯದೇ. ಒಪ್ಪಿದೆ.

ಕರಾವಳಿ ಮಳೆ (ಕುಂದಾಪುರ)

ನೀವಿಬ್ಬರೂ ನೂರರಲ್ಲಿ ಒಂದು ಮಿ.ಮೀ.ಗೆ ಜಗಳ ಆಡುತ್ತಿದ್ದೀರಿ. ನಮ್ಮೂರ ಜೂನ್ ತಿಂಗಳಲ್ಲಿ ಬಂದು ನೋಡಿ. ಬೇಸಿಗೆಯಲ್ಲಿ ಸಲೀಸಾಗಿ ಜಾರುತ್ತಿದ್ದ ಮೇಜಿನ ಡ್ರಾಯರ್ ಮಳೆಗಾಲದಲ್ಲಿ ಕೈ ಮುರಿದರೂ ಬರುವುದಿಲ್ಲ.

ಮರ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಸಾಗುವಾನಿ ಇದರಲ್ಲಿ ಒಳ್ಳೆಯ ಮರ. ಆದರೂ 100 ಮಿ.ಮೀ. ಅಗಲದ ಹಲಗೆ, ಅದರಲ್ಲೂ ಉಂಗುರದ ಗುಂಟ ಸೀಳಿದ್ದು, ಮರದೊಳಗಿನ ತೇವ ಶೇ 4ರಷ್ಟು ಏರಿದರೆ ಅರ್ಧ ಮಿ.ಮೀ.ಗಿಂತ ಜಾಸ್ತಿ ಹಿಗ್ಗುತ್ತದೆ. ಉಕ್ಕು ಹಾಗಲ್ಲ. ಅಷ್ಟೇ ಉದ್ದದ ಉಕ್ಕು 10 ಡಿಗ್ರಿ ಬಿಸಿಯಾದರೆ ಬೆಳೆಯುವುದು ಸುಮಾರು 0.012 ಮಿ.ಮೀ. ಲೋಹದವರು 20 ಡಿಗ್ರಿಯ ಕೋಣೆಯಲ್ಲಿ ಅಳೆಯುತ್ತಾರೆ, ಸರಿ. ಮರದವರು ಮರವನ್ನು ಕೆಲಸದ ಕೋಣೆಯಲ್ಲಿ ಎರಡು ವಾರ ಸುಮ್ಮನೆ ಬಿಟ್ಟರೆ ಅದೇ ದೊಡ್ಡ ಪ್ರಿಸಿಷನ್. ಇನ್‌ಲೇ ಚೂರಿನ ನಾರೂ ಹಲಗೆಯ ನಾರೂ ಆದಷ್ಟು ಒಂದೇ ದಿಕ್ಕಿಗೆ ಇರಲಿ. ಅಡ್ಡ ಇಟ್ಟ ಉದ್ದ ಚೂರು ಒಂದು ಮಳೆಗಾಲ ಕಳೆದ ಮೇಲೆ ಎದ್ದು ನಿಲ್ಲುತ್ತದೆ.

ಬಾಲ್ಕನಿ ಬಡಗಿ

ಅಬ್ಬಾ, ಇಷ್ಟು ಉತ್ತರ! ಕಿಟ್ ಕೈಬಿಟ್ಟೆ. ಗರಗಸ, ಬ್ಲೇಡ್, ಎರಡು ಉಳಿ, ಮಟ್ಟ ತಂದಾಯಿತು. ಗಾಜಿನ ಚೂರನ್ನು ಅಂಗಡಿಯವರು ಸುಮ್ನೆ ಕೊಟ್ಟರು.

ಈಗ ಹೊಸ ಪ್ರಶ್ನೆ. ಬೀಟೆಯ ಮೇಲೆ ಚಾಕುವಿನ ಗೆರೆ ಕಾಣುವುದೇ ಇಲ್ಲ, ಕಪ್ಪು ಮೇಲೆ ಕಪ್ಪು. ಪೆನ್ಸಿಲ್ ಕೂಡ ಅಷ್ಟೇ. ಏನು ಮಾಡುತ್ತೀರಿ?

ಬೀದರ್ ಕಡೆಯವ

ನಮ್ಮ ಕಡೆ ಇದರ ಉಲ್ಟಾ ಸಮಸ್ಯೆ. ಬಿದ್ರಿಯ ಎರಕ ಸತುವಿನದು, ಸ್ವಲ್ಪ ತಾಮ್ರ ಸೇರಿಸಿದ್ದು. ಉಜ್ಜಿ ನಯ ಮಾಡಿದ ಮೇಲೆ ಬೆಳ್ಳಗೆ ಹೊಳೆಯುತ್ತದೆ, ಗೀರು ಕಾಣುವುದಿಲ್ಲ. ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆಮೇಲೆ ಉಕ್ಕಿನ ಮೊನೆಯಲ್ಲಿ ಹೂ, ಬಳ್ಳಿ ಗೀರಿದರೆ ಬೆಳ್ಳಗೆ ಎದ್ದು ಕಾಣುತ್ತದೆ. ಹೆಚ್ಚಿನವರು ಅಚ್ಚು ಇಡುವುದಿಲ್ಲ, ನೇರ ಕೈಯಲ್ಲೇ ಬಿಡಿಸುತ್ತಾರೆ. ಆ ಗೀರಿನ ಮೇಲೆ ಉಳಿ ಹೊಡೆದು ಕಾಲುವೆ ತೋಡಿ, ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಅಂಟು ಇಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಾಯಿಸಿ ಹಚ್ಚಿದರೆ ಆ ಹೆಸರುವಾಸಿ ಕಪ್ಪು ಬರುತ್ತದೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಈ ಕೆಲಸದವರೇ.

ನಿಮ್ಮ ಬೀಟೆಗೆ ಮೈಲುತುತ್ತ ಬೇಡ. ಗೀರಿನ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ ಒರೆಸಿ. ಗೆರೆಯೊಳಗೆ ಪುಡಿ ನಿಲ್ಲುತ್ತದೆ.

ಹಳೇ ಟೂಲ್‌ರೂಮ್

ಮೈಲುತುತ್ತ ಅಂದಾಗ ಐಟಿಐ ನೆನಪಾಯಿತು. ಫಿಟ್ಟಿಂಗ್ ಶಾಪ್‌ನಲ್ಲಿ ಉಕ್ಕಿನ ಮೇಲೂ ಅದನ್ನೇ ಸವರುತ್ತೇವೆ. ಅಲ್ಲಿ ಕಪ್ಪಾಗುವುದಿಲ್ಲ, ತಾಮ್ರದ ತೆಳು ಪದರ ಕೂತು ಕೆಂಪಗಾಗುತ್ತದೆ. ಸ್ಕ್ರೈಬರ್‌ನಲ್ಲಿ ಗೀರಿದರೆ ಉಕ್ಕಿನ ಬಿಳಿ ಗೆರೆ.

ಅಡಿಕೆ ತೋಟ

ನಮ್ಮ ಮನೆಯಲ್ಲಿ ಮೈಲುತುತ್ತ ಮೂಟೆಗಟ್ಟಲೆ ಇದೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಉಳಿದದ್ದು. ಬೇಕಾದವರು ಬನ್ನಿ 😄

ಜನತಾ ಪ್ರೇಮಿ

ವಿಷಯಾಂತರಕ್ಕೆ ಕ್ಷಮೆ ಇರಲಿ. ಎಚ್‌ಎಂಟಿ ಕೈಗಡಿಯಾರ ಬಿಚ್ಚಿ ಜೋಡಿಸುವವರು ಇಲ್ಲಿ ಯಾರಾದರೂ ಇದ್ದೀರಾ? ಅಪ್ಪನ 17 ಜ್ಯುವೆಲ್‌ನ ಜನತಾ ನಿಂತಿದೆ.

ಬೆಳ್ಳಿತಂತಿ

ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ. ಇಲ್ಲಿ ಒಂದೇ ಮಾತು: ಸ್ಕ್ರೂಡ್ರೈವರ್ ತುದಿಯ ಅಗಲ ಸ್ಕ್ರೂ ತಲೆಯ ಸೀಳಿನ ಉದ್ದಕ್ಕೆ ಸರಿಯಾಗಿ ಇರಬೇಕು, ಚಿಮ್ಮಟಕ್ಕೆ ಅಯಸ್ಕಾಂತ ಹತ್ತಿರಬಾರದು. ಗಡಿಯಾರದೊಳಗಿನ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್‌ಗೆ ಕಾಂತ ಹತ್ತಿದರೆ ಗಡಿಯಾರ ಓಡಿ ಓಡಿ ಮುಂದೆ ಹೋಗುತ್ತದೆ.

ಭೂತಗನ್ನಡಿ ಮಾತ್ರ ಎಲ್ಲರಿಗೂ ಬೇಕಾದ್ದು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೊಳ್ಳಬೇಡಿ. ವಸ್ತುವನ್ನು ಕಣ್ಣಿಗೆ 25 ಮಿ.ಮೀ. ಹತ್ತಿರ ಹಿಡಿಯಬೇಕಾಗುತ್ತದೆ, ಗರಗಸ ಆಡಿಸೋಕೆ ಜಾಗವೇ ಇರುವುದಿಲ್ಲ. ತಲೆಗೆ ಕಟ್ಟುವ 2 ಅಥವಾ 3 ಪಟ್ಟಿನದು ಸಾಕು. ಲೈಟ್ ಒಂದು ಮಗ್ಗುಲಿನಿಂದ, ತಗ್ಗಿನಿಂದ ಬೀಳಲಿ. ಗೆರೆಗೆ ನೆರಳು ಹುಟ್ಟುತ್ತದೆ, ಆಗ ಬರಿಗಣ್ಣಿಗೂ ಕಾಣುತ್ತದೆ. ನಲವತ್ತೈದು ದಾಟಿದವರು ಲೂಪ್‌ಗಿಂತ ಮೊದಲು ಲೈಟ್ ಸರಿ ಮಾಡಿಕೊಳ್ಳಿ.

ಬಾಲ್ಕನಿ ಬಡಗಿ

ಸೀಮೆಸುಣ್ಣ ಕೆಲಸ ಮಾಡಿತು, ಥ್ಯಾಂಕ್ಸ್. ಆದರೆ ಬ್ಲೇಡ್ ಪಟಪಟ ಮುರಿಯುತ್ತಿವೆ. ಅದರಲ್ಲೂ ಮೂಲೆ ತಿರುಗಿಸುವಾಗ. ಅಂಚು ಅರದಿಂದ ಉಜ್ಜಿದರೆ ದುಂಡಗಾಗಿ ಬಿಡುತ್ತದೆ.

ಬೆಳ್ಳಿತಂತಿ

ಮುರಿಯುವುದು ಸಹಜ. ಅದಕ್ಕೇ ಅವನ್ನು ಡಜನ್ ಲೆಕ್ಕದಲ್ಲಿ ಮಾರುವುದು. ಆದರೂ ನೋಡಿ:

ಹಿಡಿಯನ್ನು ಬಿಗಿಯಾಗಿ ಹಿಡಿಯಬೇಡಿ. ಫ್ರೇಮಿನ ತೂಕವೇ ಕೊಯ್ಯಲಿ. ಮುಂದಕ್ಕೆ ಒತ್ತಡ ಹಾಕಿದರೆ ಬ್ಲೇಡ್ ಬಾಗುತ್ತದೆ, ಬಾಗಿದ್ದು ಮುರಿಯುತ್ತದೆ. ತಿರುವಿನಲ್ಲಿ ಗರಗಸ ತಿರುಗಿಸಬೇಡಿ, ಕೆಲಸವನ್ನು ತಿರುಗಿಸಿ. ಮೂಲೆಗೆ ಬಂದಾಗ ಮುಂದೆ ಹೋಗುವುದು ನಿಲ್ಲಿಸಿ, ಆದರೆ ಮೇಲೆ ಕೆಳಗೆ ಆಡಿಸುವುದು ನಿಲ್ಲಿಸಬೇಡಿ. ಅಲ್ಲೇ ಆಡಿಸುತ್ತಾ ಮರವನ್ನು ಮೆಲ್ಲಗೆ ಸುತ್ತಿಸಿ. ಬ್ಲೇಡ್ ತನಗೆ ಬೇಕಾದ ಜಾಗ ತಾನೇ ಮಾಡಿಕೊಂಡ ಮೇಲೆ ಹೊಸ ದಿಕ್ಕಿಗೆ ಹೊರಡಿ. ಬ್ಲೇಡಿನ ಬೆನ್ನಿಗೆ ಆಗಾಗ ಮೇಣ ಸವರಿ. ಎಣ್ಣೆ ಬೇಡ, ಮರ ಕುಡಿದರೆ ಆಮೇಲೆ ಅಂಟು ಹಿಡಿಯುವುದಿಲ್ಲ. ಗೆರೆಯ ಮೇಲೆ ಕೊಯ್ಯಬೇಡಿ, ಗೆರೆಯ ಹೊರಗೆ ಕೊಯ್ದು ಗೆರೆಯನ್ನು ಅರಕ್ಕೆ ಉಳಿಸಿ.

ಅರ ದುಂಡಗೆ ಮಾಡುವುದಕ್ಕೆ ಕಾರಣ ನಿಮ್ಮ ಮೊಣಕೈ ಎತ್ತರ. ಕೆಲಸ ಎದೆಯ ಮಟ್ಟಕ್ಕೆ ಬರಲಿ, ಕುರ್ಚಿ ತಗ್ಗಿಸಿ. ಅರ ಮುಂದಕ್ಕೆ ಹೋಗುವಾಗ ಮಾತ್ರ ಕೊಯ್ಯುತ್ತದೆ. ವಾಪಸ್ ತರುವಾಗ ಎತ್ತಿ ತನ್ನಿ. ಆಚೀಚೆ ತಿಕ್ಕಿದರೆ ಮಧ್ಯ ಉಬ್ಬಿದ್ದು ಅಂಚು ಇಳಿದದ್ದು ಗ್ಯಾರಂಟಿ. ಇನ್ನೂ ಸುಲಭ ಬೇಕೆಂದರೆ ಅರವನ್ನು ಮೇಜಿಗೆ ಅಂಟಿಸಿ ಚೂರನ್ನೇ ಅದರ ಮೇಲೆ ತಳ್ಳಿ.

ಹಳೇ ಟೂಲ್‌ರೂಮ್

ಅರದ ಬಗ್ಗೆ ಒಂದೆರಡು ಸೇರಿಸುತ್ತೇನೆ. ಹಿಡಿ ಇಲ್ಲದ ಅರ ಬಳಸಬೇಡಿ, ಬಾಲ ಅಂಗೈಗೆ ಚುಚ್ಚುತ್ತದೆ. ಹಲ್ಲಿಗೆ ಮೊದಲೇ ಸೀಮೆಸುಣ್ಣ ತಿಕ್ಕಿದರೆ ಪುಡಿ ಕಟ್ಟಿಕೊಳ್ಳುವುದು ಕಡಿಮೆ. ಮರಕ್ಕೆ ಒಂದು ಸೆಟ್, ಲೋಹಕ್ಕೆ ಒಂದು ಸೆಟ್, ಬೆರೆಸಬೇಡಿ. ಹೊಸ ಅರವನ್ನು ಮೊದಲು ಹಿತ್ತಾಳೆಗೆ ಬಳಸಿ, ಸ್ವಲ್ಪ ಸವೆದ ಮೇಲೆ ಉಕ್ಕಿಗೆ ಹಾಕಿ. ಉಲ್ಟಾ ಮಾಡಿದರೆ ಆ ಅರ ಹಿತ್ತಾಳೆಯ ಮೇಲೆ ಸುಮ್ನೆ ಜಾರುತ್ತದೆ. ಡಬ್ಬದಲ್ಲಿ ಒಂದರ ಮೇಲೊಂದು ಎಸೆಯಬೇಡಿ, ಅರಕ್ಕೆ ಅರವೇ ಶತ್ರು. ಡೈಮಂಡ್ ಅರ ಅಂತ ಅಗ್ಗಕ್ಕೆ ಸಿಗುವುದು ಮರಕ್ಕೆ ಪ್ರಯೋಜನ ಇಲ್ಲ, ಕ್ಷಣದಲ್ಲಿ ತುಂಬಿಕೊಳ್ಳುತ್ತದೆ.

ಸಾಗರದ ಉಳಿ

ಗುಣಿ ತೋಡುವಾಗ ಉಳಿಯನ್ನು ಗೀರಿನ ಮೇಲೇ ಇಟ್ಟು ಕೊಡತಿ ಹೊಡೆಯಬೇಡಿ. ಉಳಿಯ ಓರೆ ಅದನ್ನು ಹಿಂದಕ್ಕೆ ತಳ್ಳುತ್ತದೆ, ಗೆರೆ ದಾಟುತ್ತದೆ. ಒಂದು ಮಿ.ಮೀ. ಒಳಗಿನಿಂದ ತೋಡಿ, ಕೊನೆಯ ಎಳೆಯನ್ನು ಮಾತ್ರ ಗೀರಿಗೆ ಉಳಿ ಇಟ್ಟು ಕೈಯ ಒತ್ತಡದಲ್ಲಿ ಇಳಿಸಿ. ಚಾಕುವಿನ ಗೆರೆ ಉಳಿಯ ಅಂಚನ್ನು ಹಿಡಿದುಕೊಳ್ಳುತ್ತದೆ. ಪೆನ್ಸಿಲ್ ಗೆರೆಗೆ ಆ ಗುಣ ಇಲ್ಲ. ಚೂರು ಹಲಗೆಗಿಂತ ಕೂದಲೆಳೆ ಎತ್ತರ ನಿಲ್ಲುವಷ್ಟು ಆಳ ಸಾಕು.

ಎರಡೂ ಕೈ ಅಂಚಿನ ಹಿಂದೆ ಇರಲಿ. ಎಡಗೈಯಲ್ಲಿ ಪೆಟ್ಟಿಗೆ ಹಿಡಿದು ಬಲಗೈಯಲ್ಲಿ ಅದರತ್ತ ಉಳಿ ತಳ್ಳುವವರನ್ನು ನೋಡಿದರೆ ನನಗೆ ಬೈಯಬೇಕು ಅನಿಸುತ್ತದೆ. ಕ್ಲಾಂಪ್ ಹಾಕಿ.

ಬಾಲ್ಕನಿ ಬಡಗಿ

ಎಲೆ ಕೂತಿತು! ಹಲಸಿನ ಎಲೆ, ಬೀಟೆ ಮುಚ್ಚಳ. ಒಂದು ಕಡೆ ಸಣ್ಣ ಸಂದು ಇದೆ. ಮರದ ಪುಡಿಗೆ ಅಂಟು ಕಲಸಿ ತುಂಬಿಸಲಾ? ಆಮೇಲೆ ಸ್ಯಾಂಡ್‌ಪೇಪರ್ ಯಾವ ನಂಬರ್?

ಅಂಕಿ ಅಂಶ

ಪುಡಿ, ಅಂಟು ಹಾಕಿ. ಯಾರಿಗೂ ಗೊತ್ತಾಗುವುದಿಲ್ಲ.

ಮೈಸೂರಿನಾಕೆ

ಗೊತ್ತಾಗುತ್ತದೆ. ಅಂಟು ಕುಡಿದ ಪುಡಿ ಮರಕ್ಕಿಂತ ಕಪ್ಪಗಾಗುತ್ತದೆ. ಸಂದು ಬೀಟೆಯ ಕಡೆ ಇದ್ದರೆ ಆ ಕಪ್ಪು ಬೀಟೆಯಲ್ಲಿ ಕರಗಿ ಹೋಗುತ್ತದೆ, ಪರವಾಗಿಲ್ಲ. ಹಲಸಿನ ಕಡೆ ಇದ್ದರೆ ಹಲಸಿನದೇ ಒಂದು ತೆಳು ಚಕ್ಕೆ ಸೀಳಿ, ನಾರು ನೋಡಿಕೊಂಡು ಬೆಣೆಯಾಗಿ ತೂರಿಸಿ.

ಸ್ಯಾಂಡ್‌ಪೇಪರ್ ಈಗ ಮುಟ್ಟಬೇಡಿ! ಬೀಟೆಯ ಕಪ್ಪು ಧೂಳು ಹಲಸಿನ ಹಳದಿಯೊಳಗೆ ಹೊಕ್ಕು ಇಡೀ ಎಲೆ ಕೊಳಕಾಗುತ್ತದೆ, ತೊಳೆದರೂ ಹೋಗುವುದಿಲ್ಲ. ಸ್ಕ್ರೇಪರ್‌ನಿಂದ (ಅಂಚಿಗೆ ಕೊಕ್ಕೆ ಎಬ್ಬಿಸಿದ ಉಕ್ಕಿನ ತಗಡು) ಕೆರೆಯಿರಿ. ಅದು ಧೂಳು ಮಾಡುವುದಿಲ್ಲ, ಸುರುಳಿ ಸುರುಳಿ ಚಕ್ಕೆ ತೆಗೆಯುತ್ತದೆ. ಮಟ್ಟವಾದ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಒಂದು ಕೈ ತೆಳ್ಳಗೆ ಬಳಿದು ಒಣಗಿಸಿ. ರಂಧ್ರ ಮುಚ್ಚುತ್ತದೆ. ಆಮೇಲೆ 400ರ ಪೇಪರ್ ಮೆತ್ತಗೆ ಆಡಿಸಬಹುದು.

ಬಾಲ್ಕನಿ ಬಡಗಿ

ಸ್ಕ್ರೇಪರ್ ಬಜೆಟ್‌ನಲ್ಲಿ ಇರಲಿಲ್ಲವಲ್ಲ 🙁

ಹಳೇ ಟೂಲ್‌ರೂಮ್

ಹಳೆ ಕೈಗರಗಸದ ತಗಡು ಗುಜರಿಯಲ್ಲಿ ತೂಕಕ್ಕೆ ಸಿಗುತ್ತದೆ. ವಿಸಿಟಿಂಗ್ ಕಾರ್ಡ್ ಅಳತೆಗೆ ಕತ್ತರಿಸಿ. ಅಂಚನ್ನು ಅರದಿಂದ ಚೌಕ ಮಾಡಿ, ಆಮೇಲೆ ಗಾಜಿನ ಮೇಲಿನ 1000ರ ಪೇಪರ್‌ನಲ್ಲಿ ಅಂಚು, ಎರಡೂ ಮುಖ ನಯ ಮಾಡಿ. ನಂತರ ದುಂಡು ಸ್ಕ್ರೂಡ್ರೈವರ್‌ನ ನಯವಾದ ಕಂಬಿಯಿಂದ ಅಂಚನ್ನು ಗಟ್ಟಿಯಾಗಿ ಒತ್ತಿ ಎರಡು ಮೂರು ಸಲ ಎಳೆಯಿರಿ. ಕೊನೆಯ ಎಳೆತದಲ್ಲಿ ಕಂಬಿ 5 ಡಿಗ್ರಿ ವಾಲಲಿ. ಬೆರಳಿಗೆ ಸಣ್ಣ ಕೊಕ್ಕೆ ತಾಗುತ್ತದೆ, ಕೊಯ್ಯುವುದು ಅದೇ. ತಗಡನ್ನು ಹೆಬ್ಬೆರಳಿನಿಂದ ಸ್ವಲ್ಪ ಬಾಗಿಸಿ ಮುಂದಕ್ಕೆ ತಳ್ಳಿ. ಬರೀ ಧೂಳು ಬಂದರೆ ಕೊಕ್ಕೆ ಸರಿ ಎದ್ದಿಲ್ಲ, ಮತ್ತೆ ಒತ್ತಿ. ಹೆಬ್ಬೆರಳು ಬಿಸಿಯಾಗುತ್ತದೆ, ಒಂದು ಸುತ್ತು ಬಟ್ಟೆ ಕಟ್ಟಿಕೊಳ್ಳಿ.